ಸ್ಕೂಟರಿಗೆ ಇನ್ಶೂರೆನ್ಸ್, ಸಾರುವೆಗೆ ದೇವರೇ ಗತಿ



"ಸಾರ್, ಫಿಫ್ಟಿ-ಫಿಫ್ಟಿ ಮಾಡ್ಕೊಳ್ಳೋಣ."

ನಮ್ಮ ಮನೆ ಕಟ್ಟುತ್ತಿದ್ದ ಕಾಂಟ್ರಾಕ್ಟರ್ ಈ ಮಾತು ಹೇಳಿದ್ದು ರಾತ್ರಿ ಒಂಬತ್ತೂವರೆಗೆ, ಒಂದು ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನ ಹೊರಗೆ ನಿಂತುಕೊಂಡು. ಒಳಗೆ ಮಲಗಿದ್ದವನು ಮಾನ್ವಿ ಕಡೆಯ ಗಾರೆ ಕೆಲಸದ ಹುಡುಗ. ಇಪ್ಪತ್ತಾರು ವರ್ಷ. ಸಂಜೆ ಹೊರಗೋಡೆಗೆ ಪ್ಲಾಸ್ಟರಿಂಗ್ ಮಾಡುವಾಗ ಸಾರುವೆಯ ಹಲಗೆ ಜಾರಿ ಎರಡನೇ ಮಹಡಿಯ ಎತ್ತರದಿಂದ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು, ಬಲಗಾಲು ಮುರಿದಿತ್ತು. ಆಪರೇಷನ್ ಆಗಬೇಕು, ಮೊದಲು ಅಡ್ವಾನ್ಸ್ ಕಟ್ಟಿ ಅಂತ ಕೌಂಟರಿನಲ್ಲಿ ಹೇಳಿದ್ದರು. ಆ ಬಿಲ್ಲನ್ನು ಅರ್ಧರ್ಧ ಹಂಚಿಕೊಳ್ಳೋಣ ಅನ್ನೋದು ಅವರ ಪ್ರಸ್ತಾಪ.

ನಾಚಿಕೆ ಬಿಟ್ಟು ಹೇಳ್ತೀನಿ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಮೊದಲು ಓಡಿದ್ದು ಅವನ ಸೊಂಟದ ಚಿಂತೆ ಅಲ್ಲ. ಪೊಲೀಸ್ ಕೇಸ್ ಆಗುತ್ತಾ? ನನ್ನ ಹೆಸರು ಬರುತ್ತಾ? ಟೈಲ್ಸಿಗೆ ಅಂತ ಎತ್ತಿಟ್ಟ ದುಡ್ಡು ಇದಕ್ಕೇ ಹೋಗಿಬಿಡುತ್ತಾ? ಒಬ್ಬ ಮನುಷ್ಯನ ಕಾಲಿನ ಬಗ್ಗೆ ನಾವಿಬ್ಬರೂ ಹಳೇ ಸೋಫಾ ಮಾರುವವರ ಹಾಗೆ ಅರ್ಧ ಗಂಟೆ ಚೌಕಾಸಿ ಮಾಡಿದೆವು. ಕೊನೆಗೆ ಅರವತ್ತು-ನಲವತ್ತಕ್ಕೆ ಕುದುರಿತು. ಅರವತ್ತು ನನ್ನದು.

ಬೆಳಗ್ಗೆ ಅವನ ಹೆಂಡತಿ ರಾತ್ರಿ ಬಸ್ಸಿನಲ್ಲಿ ಬಂದಿಳಿದಳು, ಕಂಕುಳಲ್ಲಿ ಮಗು. ಅಳಲಿಲ್ಲ, ಕೂಗಾಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. "ಇವರು ಮತ್ತ ಯಾವಾಗ ಕೆಲಸಕ್ಕ ಹೋಗಬಹುದ್ರಿ ಸರ್?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಕೆಲಸಕ್ಕೆ ಹೋಗದ ತಿಂಗಳುಗಳಲ್ಲಿ ಅವರ ಮನೆ ಹೇಗೆ ನಡೆಯಬೇಕು ಅನ್ನೋದಕ್ಕೂ ಇರಲಿಲ್ಲ. ಫಿಫ್ಟಿ-ಫಿಫ್ಟಿ ಲೆಕ್ಕದಲ್ಲಿ ಆ ಕಾಲಂ ಇರಲೇ ಇಲ್ಲ.

ಆ ವಾರ ಕೂತು ಒಂದು ಪಟ್ಟಿ ಮಾಡಿದೆ. ನನ್ನ ಕಾರಿಗೆ ಇನ್ಶೂರೆನ್ಸ್ ಇದೆ. ಹೆಂಡತಿಯ ಸ್ಕೂಟರಿಗೆ ಇದೆ. ಕಂಪನಿಯಿಂದ ನಮಗೆ, ಮಕ್ಕಳಿಗೆ, ಅಪ್ಪ-ಅಮ್ಮನಿಗೆ ಹೆಲ್ತ್ ಇನ್ಶೂರೆನ್ಸ್ ಇದೆ. ಟರ್ಮ್ ಪಾಲಿಸಿ ಇದೆ. ಹೋಮ್ ಲೋನ್ ಕೊಟ್ಟ ಬ್ಯಾಂಕಿನವರು ನಾನು ಸತ್ತರೆ ಸಾಲ ಮುಳುಗಬಾರದು ಅಂತ ಒಂದು ಪಾಲಿಸಿ, ಮನೆಗೆ ಬೆಂಕಿ ಬಿದ್ದರೆ ಅಂತ ಇನ್ನೊಂದು ಮಾಡಿಸಿದ್ದರು. ನನ್ನ ಫೋನಿನ ಸ್ಕ್ರೀನಿಗೂ ಇದೆ, ಸ್ವಾಮಿ! ಆ ಸೈಟಿನಲ್ಲಿ ಯಾವ ರಕ್ಷಣೆಯೂ ಇಲ್ಲದೆ ನಿಂತಿದ್ದವರು ಏಳೆಂಟು ಜನ ಮಾತ್ರ. ಆ ಮನೆಯನ್ನು ನಿಜವಾಗಿ ಕಟ್ಟುತ್ತಿದ್ದವರು ಅವರೇ.

"ನಮ್ಮ ದೇಶದಲ್ಲಿ ಕಾನೂನೇ ಇಲ್ಲ ಬಿಡಿ" ಅಂತ ತಲೆ ಕೊಡವಬೇಡಿ. ಕಾನೂನು ಇದೆ. ಅದಕ್ಕೆ ನೂರು ವರ್ಷ ದಾಟಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆಯ ಪ್ರಕಾರ ಕೆಲಸದ ವೇಳೆ ಆದ ಅಪಘಾತಕ್ಕೆ ಮಾಲೀಕ ಪರಿಹಾರ ಕೊಡಲೇಬೇಕಿತ್ತು. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. ಇದು ಸಾವಿಗೆ ಇರುವ ಸೂತ್ರ. ಕೂಲಿ ಎಷ್ಟೇ ಇರಲಿ, 2020ರಿಂದ ಆ ಕಾಯ್ದೆಯಡಿ ಲೆಕ್ಕಕ್ಕೆ ಹಿಡಿಯುತ್ತಿದ್ದ ಗರಿಷ್ಠ ಮೊತ್ತ ತಿಂಗಳಿಗೆ 15,000 ರೂಪಾಯಿ. ಮೂವತ್ತು ವರ್ಷದವನಿಗೆ ಗುಣಿಸಬೇಕಾದ ಸಂಖ್ಯೆ 207.98. ಅಂದರೆ 7,500ನ್ನು 207.98ರಿಂದ ಗುಣಿಸಿ: 15,59,850 ರೂಪಾಯಿ. ಅಂಗ ಊನವಾದರೆ ಬೇರೆ ಸೂತ್ರ. ಜೊತೆಗೆ ಚಿಕಿತ್ಸೆಯ ನಿಜವಾದ ಖರ್ಚನ್ನೂ ಮಾಲೀಕನೇ ಭರಿಸಬೇಕು. ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿ, ಅದರ ಮೇಲೆ ದಂಡ.

ಓದಲು ಎಷ್ಟು ಚೆನ್ನಾಗಿದೆ, ಅಲ್ವಾ? ಈಗ ಕೇಳಿ: ಈ ಹದಿನೈದೂವರೆ ಲಕ್ಷವನ್ನು ಕೊಡೋನು ಯಾರು?

ನಮ್ಮ ಕಾಂಟ್ರಾಕ್ಟರ್ ಆಸ್ತಿ ಏನು ಅಂತ ನನಗೆ ಗೊತ್ತು. ಒಂದು ಹಳೇ ಮಿಕ್ಸಿಂಗ್ ಮಷೀನು, ಸೆಂಟ್ರಿಂಗ್ ಶೀಟುಗಳು, ಕಂತು ಮುಗಿಯದ ಒಂದು ಪಿಕಪ್ ಗಾಡಿ. ಅವರು ಗಾರೆ ಕೆಲಸವನ್ನು ಒಬ್ಬ ಮೇಸ್ತ್ರಿಗೆ ಸ್ಕ್ವೇರ್ ಲೆಕ್ಕದಲ್ಲಿ ಬಿಟ್ಟಿದ್ದರು. ಆ ಮೇಸ್ತ್ರಿ ಈ ಹುಡುಗನನ್ನು ಕರೆತಂದಿದ್ದ. ಶನಿವಾರದ ಬಟವಾಡೆಗೇ ಮೇಸ್ತ್ರಿ ನನ್ನ ಮುಖ ನೋಡುತ್ತಿದ್ದ. ಅವನಿಂದ ಹದಿನೈದು ಲಕ್ಷ ವಸೂಲಿ ಮಾಡ್ತೀರಾ? ಇನ್ನು ನಾನು? ಕೆಲಸ ಗುತ್ತಿಗೆ ಕೊಟ್ಟವನನ್ನೂ ಹೊಣೆ ಮಾಡುವ ಸೆಕ್ಷನ್ ಅದೇ ಕಾಯ್ದೆಯಲ್ಲಿತ್ತು. ಆದರೆ ಅದು ತನ್ನ ವ್ಯಾಪಾರ-ವ್ಯವಹಾರದ ಸಲುವಾಗಿ ಗುತ್ತಿಗೆ ಕೊಟ್ಟವನಿಗೆ. ನಾನು ಕಟ್ಟಿಸುತ್ತಿದ್ದದ್ದು ನಾನೇ ಇರುವ ಮನೆ. "ನೀನು ಆರಾಮಾಗಿರು, ನಿನ್ನ ಮೇಲೆ ಬರಲ್ಲ" ಅಂತ ವಕೀಲ ಗೆಳೆಯ ಹೇಳಿದ. ಕೇಳಿ ಸಮಾಧಾನ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ. ಆಯಿತು. ಆಮೇಲೆ ಆ ಸಮಾಧಾನವೇ ಚುಚ್ಚತೊಡಗಿತು. ಹಣ ಇರುವವನಿಗೆ ಹೊಣೆ ಇಲ್ಲ, ಹೊಣೆ ಇರುವವನ ಹತ್ತಿರ ಹಣ ಇಲ್ಲ. ಇವೆರಡರ ನಡುವೆ ಜಾರಿ ಬಿದ್ದವನಿಗೆ ಸಿಕ್ಕಿದ್ದು ನೂರು ವರ್ಷ ಹಳೆಯ ಒಂದು ಹಕ್ಕು. ಖಾಲಿ ಜೇಬಿನವನ ಮೇಲೆ ಇರುವ ಹಕ್ಕಿಗೆ ಎಷ್ಟು ಬೆಲೆ?

ಈ ಸಮಸ್ಯೆಗೆ ಪರಿಹಾರ ಏನು ಅಂತ ನಮ್ಮ ಸರ್ಕಾರಗಳಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು.

ರಸ್ತೆಯಲ್ಲಿ ಗುದ್ದಿದವನ ಹತ್ತಿರ ದುಡ್ಡಿಲ್ಲ ಅನ್ನೋ ಕಾರಣಕ್ಕೆ ಗುದ್ದಿಸಿಕೊಂಡವನು ಬೀದಿಗೆ ಬೀಳಬಾರದು. ಅದಕ್ಕೇ ಮೋಟಾರು ವಾಹನ ಕಾಯ್ದೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿದೆ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲವೇ 2,000 ರೂಪಾಯಿ ದಂಡ. ಭೋಪಾಲ್ ಆದ ಮೇಲೆ, 1991ರಲ್ಲಿ, ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವ ಉದ್ಯಮಗಳಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಡ್ಡಾಯವಾಯಿತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಗ್ರಾಚ್ಯುಟಿಗೆ ಕಡ್ಡಾಯ ವಿಮೆಯ ನಿಯಮ ತಂದಿತು. ಕಂಪನಿ ಮುಳುಗಿದರೂ ನಿಮ್ಮ ಗ್ರಾಚ್ಯುಟಿ ಮುಳುಗಬಾರದು ಅನ್ನೋದು ಅದರ ಉದ್ದೇಶ. ಒಳ್ಳೆಯದೇ. ಎಸಿ ಆಫೀಸಿನಲ್ಲಿ ಕೂರುವ ನನ್ನ ಐದು ವರ್ಷದ ನಂತರದ ಹಣದ ಬಗ್ಗೆ ಇಷ್ಟು ಮುಂದಾಲೋಚನೆ ಮಾಡಬಲ್ಲ ರಾಜ್ಯಕ್ಕೆ, ಇವತ್ತು ಸಂಜೆ ಸಾರುವೆ ಹತ್ತುವವನ ಸೊಂಟದ ಬಗ್ಗೆ ಯೋಚಿಸಲು ಏನು ಅಡ್ಡಿ?

ಇನ್ನೂ ತಮಾಷೆ ನೋಡಿ. ಸರ್ಕಾರ ತನ್ನ ಸ್ವಂತ ಕಟ್ಟಡ ಕಟ್ಟಿಸುವಾಗ ಹುಷಾರಾಗಿರುತ್ತೆ. ನಮ್ಮ ರಾಜ್ಯದಲ್ಲಿ ದೊಡ್ಡ ಕಾಮಗಾರಿಗಳಿಗೆ ಬಳಸುವ ಕೆಡಬ್ಲ್ಯೂ-4 ಟೆಂಡರ್ ದಾಖಲೆಯಲ್ಲಿ ವಿಮೆಯ ಷರತ್ತು ಇದೆ. ಕಾಮಗಾರಿಗೆ, ಯಂತ್ರಕ್ಕೆ, ಸಾಮಗ್ರಿಗೆ, ಬೇರೆಯವರ ಆಸ್ತಿಗೆ, ಜನರ ಗಾಯ-ಸಾವಿಗೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ವಿಮೆ ಮಾಡಿಸಬೇಕು. ಮಾಡಿಸದಿದ್ದರೆ ಇಲಾಖೆಯೇ ಮಾಡಿಸಿ ಪ್ರೀಮಿಯಂ ಅನ್ನು ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಖಾಸಗಿ ಅಪಾರ್ಟ್‌ಮೆಂಟ್‌ಗಳಿಗೆ ಬಂದರೆ, ರೇರಾ ಕಾಯ್ದೆಯ 16ನೇ ಸೆಕ್ಷನ್ ಬಿಲ್ಡರ್ ವಿಮೆ ಮಾಡಿಸಬೇಕು ಅನ್ನುತ್ತೆ, ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಅದು ಹೇಳಿದಷ್ಟಕ್ಕೆ. ನಮ್ಮ ನಿಮ್ಮಂಥವರ 30-40 ಸೈಟಿನ ಮನೆಗಳಿಗೆ ಅದೂ ಇಲ್ಲ.

ಪ್ಲಾನ್ ಸ್ಯಾಂಕ್ಷನ್‌ಗೆ ನಾನು ಕೊಟ್ಟ ದಾಖಲೆಗಳನ್ನು ನೆನಪಿಸಿಕೊಂಡೆ. ಖಾತಾ ಕೇಳಿದರು, ತೆರಿಗೆ ರಸೀದಿ ಕೇಳಿದರು, ಸೆಟ್‌ಬ್ಯಾಕ್ ಕೇಳಿದರು, ಮಳೆನೀರು ಕೊಯ್ಲು ಕೇಳಿದರು. ಕೆಲಸಗಾರರಿಗೆ ಪಾಲಿಸಿ ಇದೆಯಾ ಅಂತ ಯಾರೂ ಕೇಳಲಿಲ್ಲ. ಆಗಿನ ಬಿಬಿಎಂಪಿ 'ನಂಬಿಕೆ ನಕ್ಷೆ' ತಂದಿತ್ತು. ಮನೆ ಕಟ್ಟಿಸುವವನನ್ನು ನಂಬಿ ಆನ್‌ಲೈನಲ್ಲೇ ನಕ್ಷೆಗೆ ತಾತ್ಕಾಲಿಕ ಮಂಜೂರಾತಿ ಕೊಡುವ ವ್ಯವಸ್ಥೆ. ನನ್ನನ್ನು ನಂಬಿದ್ದಕ್ಕೆ ಥ್ಯಾಂಕ್ಸ್. ಆ ಗಾರೆಯ ಹುಡುಗ ಯಾರನ್ನು ನಂಬಬೇಕು?

"ಕಾರ್ಮಿಕ ಕಲ್ಯಾಣ ಮಂಡಳಿ ಇದೆಯಲ್ಲಾ?" ಅಂತ ಕೆಲವರು ಕೇಳಬಹುದು. ಇದೆ. 2025ರ ನವೆಂಬರ್‌ವರೆಗೆ 1996ರ ಕಾಯ್ದೆಯಡಿ ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತಿತ್ತು. ನಾನೂ ಕಟ್ಟಿದ್ದೇನೆ. ಕಟ್ಟಿ, ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡಿದ್ದೆ. ಆದರೆ ಆ ಹಣ ತಲುಪುವುದು ಮಂಡಳಿಯಲ್ಲಿ ನೋಂದಣಿ ಆದವರಿಗೆ ಮಾತ್ರ. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಮೂರು ವಾರಕ್ಕೊಂದು ಸೈಟು ಬದಲಿಸುವವನಿಗೆ ಅದನ್ನು ಬರೆದುಕೊಡುವವರು ಯಾರು? ನಮ್ಮ ಹುಡುಗನ ಹತ್ತಿರ ಕಾರ್ಡ್ ಇರಲಿಲ್ಲ. ಇದ್ದು, ಅವನು ಸತ್ತೇ ಹೋಗಿದ್ದರೂ ಮಂಡಳಿಯಿಂದ ಸಿಗುತ್ತಿದ್ದುದು 5 ಲಕ್ಷ. ಮೇಲಿನ ಹದಿನೈದೂವರೆ ಲಕ್ಷದ ಲೆಕ್ಕದ ಪಕ್ಕ ಇಟ್ಟು ನೋಡಿ. ಇನ್ನು ಹೀಗೆ ಸಂಗ್ರಹವಾದ ಸೆಸ್ ಕಾರ್ಮಿಕರಿಗೆ ತಲುಪುತ್ತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ರಾಜ್ಯಗಳನ್ನು ತರಾಟೆಗೆ ತೆಗೆದುಕೊಂಡಿತ್ತು. ಕಲ್ಯಾಣ ಅನ್ನೋದು ಸರ್ಕಾರ ಕೊಡುವ ಸಹಾಯ. ವಿಮೆ ಅನ್ನೋದು ನಾವು ತೀರಿಸಬೇಕಾದ ಹೊಣೆ. ಎರಡೂ ಬೇಕು, ಒಂದರ ಹೆಸರು ಹೇಳಿ ಇನ್ನೊಂದನ್ನು ತಪ್ಪಿಸಿಕೊಳ್ಳಬಾರದು.

ಸ್ಯಾನ್ ಹೋಸೆಯಲ್ಲಿರುವ ನಮ್ಮ ಚಿಕ್ಕಪ್ಪನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ಮನೆಯ ಚಾವಣಿ ಬದಲಿಸಲು ಕಾಂಟ್ರಾಕ್ಟರ್ ಹುಡುಕುತ್ತಿದ್ದಳು. "ನೀನು ಲೈಸೆನ್ಸ್ ನಂಬರ್ ಹಾಕಿ ನೋಡಲಿಲ್ವೇನೋ?" ಅಂದಳು. ಏನು ನೋಡಬೇಕಿತ್ತು ಅಂತಲೇ ನನಗೆ ಅರ್ಥವಾಗಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡಲೆಂದೇ ಒಂದು ರಾಜ್ಯ ಮಂಡಳಿ ಇದೆ. ಒಂದು ಮಿತಿಗಿಂತ ದೊಡ್ಡ ಕೆಲಸಕ್ಕೆ ಲೈಸೆನ್ಸ್ ಬೇಕು; 2024ರವರೆಗೆ ಆ ಮಿತಿ 500 ಡಾಲರ್ ಇತ್ತು. ಲೈಸೆನ್ಸ್ ಬೇಕಾದರೆ 25,000 ಡಾಲರಿನ ಬಾಂಡ್ ಇಡಬೇಕು. ಒಬ್ಬ ಕೆಲಸಗಾರ ಇದ್ದರೂ ಅವನ ಗಾಯಕ್ಕೆ ವಿಮೆ ಇರಬೇಕು. ಚಾವಣಿ ಕೆಲಸದವರಿಗಂತೂ "ನನ್ನ ಹತ್ತಿರ ಕೆಲಸಗಾರರೇ ಇಲ್ಲ" ಅಂತ ಹೇಳಿ ತಪ್ಪಿಸಿಕೊಳ್ಳಲೂ ಆಗದು. ಮೇಲಿಂದ ಬೀಳುವ ಕೆಲಸ ಅಂತ ಅವರಿಗೆ ಆ ವಿನಾಯಿತಿಯೇ ಇಲ್ಲ. 2023ರಿಂದ ಕಾಂಕ್ರೀಟ್, ಎಸಿ, ಮರ ಕಡಿಯುವವರನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ. ಪಾಲಿಸಿ ಮುಗಿದರೆ ಲೈಸೆನ್ಸ್ ಅಮಾನತು. ಇವೆಲ್ಲವನ್ನೂ ಯಾರು ಬೇಕಾದರೂ ಫೋನಿನಲ್ಲಿ ಅರ್ಧ ನಿಮಿಷದಲ್ಲಿ ನೋಡಬಹುದು.

ಅಲ್ಲಿ ಎಲ್ಲ ಸ್ವರ್ಗ ಅಂತಲ್ಲ. ಬೇರೆಯವರ ಆಸ್ತಿಗೆ ಆಗುವ ಹಾನಿಯ ವಿಮೆ ಅಲ್ಲೂ ಬಹುಪಾಲು ಕಾಂಟ್ರಾಕ್ಟರ್‌ಗಳಿಗೆ ಕಡ್ಡಾಯ ಇಲ್ಲ. ಲೈಸೆನ್ಸ್ ಇಲ್ಲದೆ ಕದ್ದು ಕೆಲಸ ಮಾಡುವವರು ಅಲ್ಲೂ ಇದ್ದಾರೆ. ಅಮೆರಿಕದಿಂದ ಎಲ್ಲವನ್ನೂ ನಕಲು ಮಾಡಿ ಅಂತ ನಾನು ಹೇಳ್ತಿಲ್ಲ. ಒಂದನ್ನು ಕಲಿಯಬಹುದು: ಪಾಲಿಸಿ ಇಲ್ಲದವನಿಗೆ ಕೆಲಸ ಶುರು ಮಾಡುವ ಅನುಮತಿಯೇ ಸಿಗಬಾರದು, ಮತ್ತು ಅದು ಇದೆಯೋ ಇಲ್ಲವೋ ಅಂತ ಎಲ್ಲರಿಗೂ ಕಾಣಬೇಕು.

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರೋಣ. ನನ್ನ ಆಫೀಸಿನ ಊಟದ ಟೇಬಲ್ಲಿನಲ್ಲಿ ಇವನ್ನೆಲ್ಲ ಕೇಳಿ ಆಗಿದೆ.

"ಮನೆ ಕಟ್ಟೋ ಖರ್ಚು ಈಗಲೇ ಆಕಾಶಕ್ಕೆ ಹೋಗಿದೆ, ಇನ್ನೂ ಏರುತ್ತೆ." ಏರುತ್ತೆ, ಹೌದು. ಅಪಘಾತ ಆದ ಮೇಲೆ, ಬುದ್ಧಿ ಬಂದು, ನಾನು ಉಳಿದ ಕೆಲಸಕ್ಕೆ ಪಾಲಿಸಿ ಮಾಡಿಸಲು ಕೊಟೇಶನ್ ತರಿಸಿದೆ. ಇಡೀ ಮನೆಗೆ ಮೊದಲೇ ಮಾಡಿಸಿದ್ದರೆ ಎಷ್ಟಾಗುತ್ತಿತ್ತು ಅಂತಲೂ ಕೇಳಿದೆ. ಗೃಹಪ್ರವೇಶದ ಊಟದ ಬಿಲ್ಲಿಗಿಂತ ಕಡಿಮೆ. ಇಟಾಲಿಯನ್ ಮಾರ್ಬಲ್ಲೋ ವಿಟ್ರಿಫೈಡ್ ಟೈಲ್ಸೋ ಅಂತ ತಿಂಗಳುಗಟ್ಟಲೆ ಚರ್ಚೆ ಮಾಡುವ ನಮಗೆ ಈ ಖರ್ಚು ಭಾರ ಅನ್ನೋದು ಶುದ್ಧ ಬೊಗಳೆ. ಖರ್ಚು ಈಗಲೂ ಇದ್ದೇ ಇದೆ. ಅದನ್ನು ಸದ್ಯಕ್ಕೆ ಮಾನ್ವಿಯಲ್ಲಿ ಒಬ್ಬ ಹೆಣ್ಣುಮಗಳು ಕೈಸಾಲ ಮಾಡಿ ಕಟ್ಟುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ.

"ಕೆಲಸಗಾರರು ದಿನಾ ಬದಲಾಗ್ತಾರೆ, ಯಾರ ಹೆಸರಲ್ಲಿ ಮಾಡಿಸೋದು?" ಹೆಸರು ಬೇಕಾಗಿಲ್ಲ. ಇಷ್ಟು ಜನ ಗಾರೆಯವರು, ಇಷ್ಟು ಜನ ಬಾರ್ ಬೆಂಡರ್‌ಗಳು, ಇಷ್ಟು ಕೂಲಿ ಅಂತ ಲೆಕ್ಕ ಕೊಟ್ಟು ಮಾಡಿಸುವ ಪಾಲಿಸಿಗಳು ಇವೆ.

"ಸಣ್ಣ ಮೇಸ್ತ್ರಿಗಳು ಸತ್ತೇ ಹೋಗ್ತಾರೆ, ದೊಡ್ಡ ಕಂಪನಿಗಳೇ ಉಳಿಯೋದು." ಈ ಮಾತಿನಲ್ಲಿ ಸತ್ಯ ಇದೆ, ಅದಕ್ಕೇ ಹೊಣೆಯನ್ನು ಮೇಸ್ತ್ರಿಯ ತಲೆಗೆ ಕಟ್ಟಬಾರದು. ಪಾಲಿಸಿಯನ್ನು ಸೈಟಿಗೆ ಅಂಟಿಸಬೇಕು. ಮನೆ ಕಟ್ಟಿಸುವವನು ಪ್ರೀಮಿಯಂ ಕಟ್ಟಲಿ, ಆ ಸೈಟಿನಲ್ಲಿ ಕಾಲಿಟ್ಟ ಪ್ರತಿಯೊಬ್ಬ ಕೆಲಸಗಾರನಿಗೂ ಅದು ಅನ್ವಯಿಸಲಿ. ಇವತ್ತು ಪ್ರಾಮಾಣಿಕವಾಗಿ ಪಾಲಿಸಿ ಮಾಡಿಸುವ ಕಾಂಟ್ರಾಕ್ಟರ್ ಕೊಟೇಶನ್‌ನಲ್ಲೇ ಸೋತು ಹೋಗ್ತಾನೆ. ಯಾಕೆಂದರೆ ಮಾಡಿಸದವನ ರೇಟು ಕಡಿಮೆ, ನಾವು ಆರಿಸೋದು ಕಡಿಮೆ ರೇಟಿನವನನ್ನ. ಎಲ್ಲರಿಗೂ ಕಡ್ಡಾಯವಾದರೆ ಸಾಯೋದು ಆ ಅನ್ಯಾಯದ ಪೈಪೋಟಿ ಮಾತ್ರ.

"ಇನ್ನೊಂದು ಲಂಚದ ದಾರಿ ಆಗುತ್ತೆ ಅಷ್ಟೆ." ಕಾಗದದ ಫೈಲು ಇಟ್ಟರೆ ಖಂಡಿತ ಆಗುತ್ತೆ. ಆದರೆ ನಿಮ್ಮ ಗಾಡಿ ನಂಬರ್ ಹಾಕಿದರೆ ಎಂಪರಿವಾಹನ್ ಆ್ಯಪ್ ಇನ್ಶೂರೆನ್ಸ್ ಯಾವತ್ತು ಮುಗಿಯುತ್ತೆ ಅಂತ ತೋರಿಸುತ್ತೆ, ಅಲ್ವಾ? ಅಲ್ಲಿ ಯಾವ ಗುಮಾಸ್ತ ಇದ್ದಾನೆ? ನಕ್ಷೆಯನ್ನು ಆನ್‌ಲೈನಲ್ಲಿ ನಂಬುವವರು ಪಾಲಿಸಿ ನಂಬರನ್ನೂ ಆನ್‌ಲೈನಲ್ಲಿ ತಾಳೆ ನೋಡಲಿ.

"ಅವರೂ ಸ್ವಲ್ಪ ಹುಷಾರಾಗಿರಬೇಕಪ್ಪ." ಇದನ್ನು ಹೇಳಿದ ಸಹೋದ್ಯೋಗಿಗೆ ಹೋದ ವರ್ಷ ಬ್ಯಾಡ್ಮಿಂಟನ್ ಆಡುವಾಗ ಮೊಣಕಾಲು ತಿರುಚಿತ್ತು. ಕಂಪನಿಯ ಪಾಲಿಸಿಯಲ್ಲಿ ಕ್ಯಾಶ್‌ಲೆಸ್ ಚಿಕಿತ್ಸೆ ಆಯಿತು. ಹುಷಾರಾಗಿ ಆಡಬೇಕಿತ್ತು ಅಂತ ಯಾರೂ ಅವನಿಗೆ ಹೇಳಲಿಲ್ಲ.

ಹಾಗಾದರೆ ರಾಜ್ಯ ಸರ್ಕಾರ ಮಾಡಬೇಕಾದ್ದು ಏನು? ದೊಡ್ಡ ಕ್ರಾಂತಿ ಬೇಡ. ಸೆಸ್ ಕಟ್ಟಿಸಿಕೊಳ್ಳುವ ಅದೇ ಹಂತದಲ್ಲಿ, ಕೆಲಸಗಾರರ ವಿಮೆಯ ಪಾಲಿಸಿ ನಂಬರ್ ಇಲ್ಲದೆ ನಕ್ಷೆಗೆ ಮಂಜೂರಾತಿ ಇಲ್ಲ ಅಂತ ನಿಯಮ ಮಾಡಲಿ. ಪಾಲಿಸಿಯ ಮೊತ್ತ 1923ರ ಕಾಯ್ದೆಯ ಲೆಕ್ಕಕ್ಕೆ ಕಡಿಮೆ ಇರಬಾರದು. ಆಸ್ಪತ್ರೆ ಖರ್ಚೂ ಸೇರಿರಲಿ. ಪಾಲಿಸಿ ವಿವರವನ್ನು ಸೈಟಿನ ಮುಂದೆ ಕನ್ನಡದಲ್ಲಿ, ಕೆಲಸಗಾರರ ಭಾಷೆಯಲ್ಲಿ ಬೋರ್ಡ್ ಹಾಕಲಿ. ಸ್ವಂತ ಮನೆ ಅಂತ, ಹತ್ತು ಜನಕ್ಕಿಂತ ಕಡಿಮೆ ಅಂತ ವಿನಾಯಿತಿ ಬೇಡ. ಎರಡನೇ ಮಹಡಿಯಿಂದ ಬೀಳುವವನಿಗೆ ಸೈಟಿನಲ್ಲಿ ಹತ್ತು ಜನ ಇದ್ದರೋ ಎಂಟು ಜನ ಇದ್ದರೋ ವ್ಯತ್ಯಾಸ ಆಗಲ್ಲ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು, ಸುರಿಯುವ ಮಳೆಯಲ್ಲಿ, ನಮ್ಮ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಬಿದ್ದು ಹೊರ ರಾಜ್ಯಗಳಿಂದ ಬಂದ ಕೂಲಿಕಾರರು ಅವಶೇಷದಡಿ ಸಿಕ್ಕಿ ಸತ್ತರು. ಇಂಥದ್ದು ಆದಾಗೆಲ್ಲ ಮಂತ್ರಿಗಳು ಬರ್ತಾರೆ, ಪರಿಹಾರ ಘೋಷಣೆ ಆಗುತ್ತೆ, ಟಿವಿಯಲ್ಲಿ ಎರಡು ದಿನ ಓಡುತ್ತೆ. ಆದರೆ ಒಬ್ಬೊಬ್ಬರಾಗಿ ಬೀಳುವವರಿಗೆ ಮಂತ್ರಿಗಳು ಬರಲ್ಲ. ಅವರಿಗೆ ಸಿಗೋದು ಎಮರ್ಜೆನ್ಸಿ ವಾರ್ಡಿನ ಹೊರಗೆ ಇಬ್ಬರ ಚೌಕಾಸಿ.

ಸರ್ಕಾರ ನಿಯಮ ಮಾಡುವವರೆಗೆ ಕಾಯಬೇಕಾಗಿಲ್ಲ. ನಿಮ್ಮಲ್ಲಿ ಬಹಳ ಜನ ಇನ್ನು ಐದು ವರ್ಷದಲ್ಲಿ ಮನೆ ಕಟ್ಟಿಸ್ತೀರಿ, ಇಲ್ಲಾಂದ್ರೆ ಊರಲ್ಲಿ ಅಪ್ಪ-ಅಮ್ಮನ ಮನೆ ರಿಪೇರಿ ಮಾಡಿಸ್ತೀರಿ. ಗುದ್ದಲಿ ಪೂಜೆಗೆ ಮೊದಲು ಕಾಂಟ್ರಾಕ್ಟರ್‌ನ ಡಬ್ಲ್ಯೂಸಿ ಪಾಲಿಸಿ, ಅಂದರೆ ವರ್ಕ್‌ಮೆನ್ ಕಾಂಪೆನ್ಸೇಷನ್ ಪಾಲಿಸಿ, ಕೇಳಿ. ಇಲ್ಲ ಅಂದರೆ ನೀವೇ ದುಡ್ಡು ಕೊಟ್ಟು ಮಾಡಿಸಿ. ಮೇಸ್ತ್ರಿಯ ಕಡೆಯವರೂ ಅದರಲ್ಲಿ ಸೇರಿದ್ದಾರಾ, ಆಸ್ಪತ್ರೆ ಖರ್ಚಿನ ಆ್ಯಡ್-ಆನ್ ಇದೆಯಾ ನೋಡಿ. 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ಅನ್ನೋ ಹೆಸರು ನೋಡಿ ಮೋಸ ಹೋಗಬೇಡಿ. ಅದು ಕಟ್ಟಡಕ್ಕೆ, ಪಕ್ಕದ ಮನೆಗೆ. ಸಾರುವೆ ಮೇಲೆ ನಿಂತವನಿಗೆ ಅಲ್ಲ. ಬ್ಯಾಂಕ್ ಖಾತೆ ಇರುವ ಕೆಲಸಗಾರರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಡಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಸಾಕಾಗಲ್ಲ, ಆದರೂ ನಿಮ್ಮ ಒಂದು ಫಿಲ್ಟರ್ ಕಾಫಿಯ ಬೆಲೆಗೆ ಸಿಗುತ್ತೆ. ಅವರು ನಿಮ್ಮ ಸೈಟಿನಲ್ಲಿ ದುಡಿದ ದಿನಗಳಿಗೆ ಕೇಳದೆಯೇ ಪತ್ರ ಬರೆದುಕೊಡಿ. ಆ 90 ದಿನದ ಲೆಕ್ಕ ತುಂಬೋದು ಅಂಥ ಪತ್ರಗಳಿಂದಲೇ.

ನಮ್ಮ ಹುಡುಗ ಈಗ ಊರಲ್ಲಿದ್ದಾನೆ. ಕೋಲು ಹಿಡಿದು ನಡೀತಾನೆ. ಅವನು ಅರ್ಧಕ್ಕೆ ಬಿಟ್ಟ ಗೋಡೆಯನ್ನು ಬೇರೆಯವರು ಮುಗಿಸಿದರು, ಪೇಂಟ್ ಆಯಿತು, ಗೃಹಪ್ರವೇಶವೂ ಆಯಿತು. ಮೊನ್ನೆ ಫೋನ್ ಮಾಡಿದ್ದ. ಏನಾದರೂ ಕೂತು ಮಾಡೋ ಕೆಲಸ ಇದ್ದರೆ ಹೇಳ್ರಿ ಸರ್ ಅಂದ. ನಾನು ಹುಡುಕುತ್ತಿದ್ದೇನೆ. ಆದರೆ ಅವನಿಗೆ ಬರಬೇಕಾದ್ದು ನನ್ನ ದಯೆ ಅಲ್ಲ, ಒಂದು ಚೆಕ್. ಅದು ಅವನಿಗೆ ಯಾಕೆ ಬರಲಿಲ್ಲ ಅಂತ ಕೇಳಿದರೆ, ಉತ್ತರ ಸರ್ಕಾರದ ಹತ್ತಿರ ಇಲ್ಲ, ಕಾಂಟ್ರಾಕ್ಟರ್ ಹತ್ತಿರ ಇಲ್ಲ, ನನ್ನ ಹತ್ತಿರವೂ ಇಲ್ಲ.

ಮುಂದಿನ ಸಲ ಮೂರು ಕೊಟೇಶನ್ ಮುಂದಿಟ್ಟುಕೊಂಡು ಕೂತಾಗ, ಅತಿ ಕಡಿಮೆ ಇರೋದನ್ನು ಎತ್ತಿಕೊಳ್ಳುವ ಮೊದಲು ಕೇಳಿಕೊಳ್ಳಿ: ಇದರಲ್ಲಿ ಯಾವುದನ್ನು ಬಿಟ್ಟಿದ್ದಾರೆ?